“ಇದೆಲ್ಲ ನಿಮಗ್ಯಾಕೆ?”

ಈ ವಾರ ನಮ್ಮ ತಾಲೂಕಿನ ಒಂದು ಕಚೇರಿಯ ಕಿಟಕಿ ಮುಂದೆ ನಡೆದ ಮಾತು ಕಿವಿಯಿಂದ ಹೋಗುತ್ತಿಲ್ಲ.

“ಗೌಡ್ರೇ, ಇದೆಲ್ಲ ನಿಮಗ್ಯಾಕೆ?”

“ಬೇಕಾಗಿತ್ತು ಸಾರ್.”

“ಅದೇ, ಯಾಕೆ ಅಂತ?”

ಗೌಡರು ಅರವತ್ತು ದಾಟಿದ ಅಡಿಕೆ ಬೆಳೆಗಾರರು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅವರು ಕೇಳಿದ್ದು ಇಷ್ಟು: ಬಸ್‌ಸ್ಟ್ಯಾಂಡ್ ಸರ್ಕಲ್ಲಿನ ಕ್ಯಾಮೆರಾಗಳನ್ನು ಯಾವ ಆದೇಶದ ಮೇಲೆ ಹಾಕಿದ್ದಾರೆ, ದೃಶ್ಯ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅದನ್ನು ನೋಡುವ ಅಧಿಕಾರ ಯಾರಿಗಿದೆ. ಅರ್ಜಿ ತೆಗೆದುಕೊಳ್ಳುವ ಮೊದಲು ಆಧಾರ್ ಜೆರಾಕ್ಸ್ ಕೇಳಿದರು. ಮಾರನೇ ದಿನ ಗೌಡರಿಗೆ ಒಂದು ಫೋನು. ತೋಟ ಎಷ್ಟು ಎಕರೆ, ಮಗ ಎಲ್ಲಿ ಕೆಲಸ ಮಾಡೋದು, ನೀವು ಯಾವ ಸಂಘಟನೆ? ಫೋನ್ ಮಾಡಿದವರು ತಮ್ಮ ಹೆಸರು ಹೇಳಲಿಲ್ಲ.

ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಕೆಟ್ಟವರಲ್ಲ. ಮೇಲಿನವರು ಬೈದಾರೆಂಬ ಹೆದರಿಕೆಯೇ ಅವರಿಂದ ಹಾಗೆ ಕೇಳಿಸಿತು. ಆದರೆ ಹೆಸರು ಹೇಳದೆ ಫೋನ್ ಮಾಡಿದವರನ್ನು ಹಾಗೆ ಕ್ಷಮಿಸಲು ಮನಸ್ಸು ಒಪ್ಪುವುದಿಲ್ಲ.

“ಯಾಕೆ” ಎಂದು ಗೌಡರನ್ನು ಕೇಳುವ ಅಧಿಕಾರವೇ ಆ ಕಚೇರಿಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(2)ರ ಪ್ರಕಾರ ಅರ್ಜಿದಾರ ಕಾರಣ ಕೊಡಬೇಕಿಲ್ಲ. ಸಂಪರ್ಕಿಸಲು ಬೇಕಾದ ವಿವರ ಬಿಟ್ಟು ಬೇರೇನನ್ನೂ ಅವನಿಂದ ಕೇಳುವಂತಿಲ್ಲ. ಕಾರಣ ಕೊಡಬೇಕಾದವರು ಕಚೇರಿಯವರು. ಮಾಹಿತಿ ನಿರಾಕರಿಸಿದರೆ ಯಾಕೆಂದು ಬರೆಯಬೇಕು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದೂ ತಿಳಿಸಬೇಕು: ಕಲಂ 7(8). ಆ ನಿರಾಕರಣೆ ಸರಿ ಎಂದು ಸಾಬೀತು ಮಾಡುವ ಹೊಣೆಯೂ ಅಧಿಕಾರಿಯದೇ: ಕಲಂ 19(5).

ಅರ್ಜಿ ಬರೆಯುವಾಗ ಮಾತ್ರ ನಾವು ಎಚ್ಚರದಲ್ಲಿರಬೇಕು. “ಯಾಕೆ ಕ್ಯಾಮೆರಾ ಹಾಕಿದಿರಿ?” ಎಂದು ಕೇಳಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಈ ಕಾಯ್ದೆಯಲ್ಲಿ ಸಿಗುವುದು ಇರುವ ದಾಖಲೆ, ವಿವರಣೆ ಅಲ್ಲ. ಬದಲಿಗೆ “ಕ್ಯಾಮೆರಾ ಅಳವಡಿಕೆಗೆ ಮಂಜೂರಾತಿ ನೀಡಿದ ಆದೇಶ ಮತ್ತು ಆ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು” ಎಂದು ಬರೆಯಬೇಕು. ಯಾರು ಪ್ರಸ್ತಾಪಿಸಿದರು, ಯಾರು ಆಕ್ಷೇಪಿಸಿದರು, ಯಾರು ಸಹಿ ಹಾಕಿದರು ಎಂಬುದೆಲ್ಲ ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹತ್ತು ರೂಪಾಯಿ ಶುಲ್ಕ. ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಕಿಟಕಿಯ ಪ್ರಶ್ನೆಗಳೂ ತಪ್ಪುತ್ತವೆ, ತಲುಪಿದ ದಿನಾಂಕಕ್ಕೆ ಪುರಾವೆಯೂ ಉಳಿಯುತ್ತದೆ.

ಕ್ಯಾಮೆರಾದ ದೃಶ್ಯವೇ ಬೇಕಿದ್ದರೆ ಇನ್ನೊಂದು ತೊಡಕಿದೆ. ರೆಕಾರ್ಡರಿನ ಡಿಸ್ಕ್ ತುಂಬಿದಾಗ ಹಳೆಯದು ತಾನಾಗಿ ಅಳಿಸಿ ಅದರ ಮೇಲೆ ಹೊಸದು ಕೂರುತ್ತದೆ. ಉತ್ತರ ಕೊಡಲು ಕಚೇರಿಗೆ 30 ದಿನವಿದೆ, ಡಿಸ್ಕು ಅಷ್ಟು ದಿನ ಕಾಯದೇ ಇರಬಹುದು. ಹಾಗಾಗಿ ಅರ್ಜಿಯಲ್ಲೇ ದಿನಾಂಕ, ಗಂಟೆ, ಜಾಗ ಬರೆದು, “ಈ ದೃಶ್ಯವನ್ನು ಅಳಿಸದೆ ಕಾಯ್ದಿರಿಸಿ” ಎಂದು ಸೇರಿಸಬೇಕು. ಕೇಳಿದ ಮಾಹಿತಿಯನ್ನು ನಾಶ ಮಾಡುವುದು ಕಲಂ 20ರಡಿ ದಂಡಕ್ಕೆ ಕಾರಣ. ದಂಡ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000.

ಇಷ್ಟಾದರೂ ಕ್ಯಾಮೆರಾ ಕಣ್ಣಿಗೆ ಕಾಣುತ್ತದೆ. ದೂರವಾಣಿ ಕದ್ದಾಲಿಕೆ ಕಾಣುವುದಿಲ್ಲ. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಟ್ಟಳೆ ಹಾಕಿತು. ರಾಜ್ಯದಲ್ಲಿ ಗೃಹ ಕಾರ್ಯದರ್ಶಿ ಕಾರಣ ಬರೆದು ಆದೇಶ ಮಾಡಬೇಕು; ಈಗಿನ ನಿಯಮದಲ್ಲಿ ಆದೇಶದ ಅವಧಿ 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಆದರೆ ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಇರುವವರು ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ನ್ಯಾಯಾಧೀಶರಿಲ್ಲ, ಶಾಸಕರಿಲ್ಲ. ಯಾರ ಮಾತು ಕದ್ದು ಕೇಳಿದರೋ ಅವರಿಗೆ ಕೊನೆಗೂ ತಿಳಿಸುವುದಿಲ್ಲ. ತಿಳಿಯದವನು ಯಾವ ಕೋರ್ಟಿಗೆ ಹೋಗಬೇಕು?

ನಮ್ಮ ಪಕ್ಕದ ಸಿದ್ದಾಪುರದವರಾದ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ, ತಮ್ಮ ಸರ್ಕಾರದ ಮೇಲೆ ಬಂದ ಕದ್ದಾಲಿಕೆ ಆರೋಪದಿಂದ ಮುಖ್ಯಮಂತ್ರಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಗ ದೆಹಲಿಯಲ್ಲಿದ್ದದ್ದು ಎದುರು ಪಕ್ಷದ ಸರ್ಕಾರ ಎಂಬುದನ್ನು ಮರೆಯಬಾರದು; ಇಲ್ಲದಿದ್ದರೆ ವಿಷಯ ಹೊರಬರುತ್ತಿತ್ತೋ ಇಲ್ಲವೋ. ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ ವಿಷಯದಲ್ಲಿ ಸುಪ್ರೀಂ ಕೋರ್ಟೇ ಸಮಿತಿ ಮಾಡಿತು. 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳು 2022ರಲ್ಲಿ ತೆರೆದ ನ್ಯಾಯಾಲಯದಲ್ಲಿ ಹೇಳಿದರು. ಸುಪ್ರೀಂ ಕೋರ್ಟು ಕೇಳಿದಾಗಲೇ ಬಾಯಿ ಬಿಡದ ಸರ್ಕಾರ ಗೌಡರ ಮೊಬೈಲಿಗೆ ಫೋನ್ ಮಾಡಿ ಮಗನ ಕೆಲಸ ವಿಚಾರಿಸುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಗೌಡರ ಅರ್ಜಿಗೆ “ತನಿಖೆಗೆ ಅಡ್ಡಿ” ಎಂದು ಕಲಂ 8(1)(ಎಚ್) ತೋರಿಸುವ ಸಾಧ್ಯತೆಯೇ ಹೆಚ್ಚು. ತನಿಖೆ ನಡೆಯುತ್ತಿದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಎಂಬ ಅರ್ಜಿದಾರರ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಅದನ್ನು ಉಲ್ಲೇಖಿಸಬಹುದು. ಅಧಿಕಾರಿಗಳ ಹೆಸರು ವೈಯಕ್ತಿಕ ಮಾಹಿತಿ ಎಂದರೆ ಕಲಂ 8(2)ರ ಸಾರ್ವಜನಿಕ ಹಿತಾಸಕ್ತಿಯನ್ನು ಎತ್ತಬೇಕು. 30 ದಿನ ಕಳೆದೂ ಉತ್ತರ ಬಾರದಿದ್ದರೆ ಅದೂ ನಿರಾಕರಣೆಯೇ. ಅಲ್ಲಿಂದ 30 ದಿನದೊಳಗೆ ಮೊದಲನೇ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದವಿರುತ್ತದೆ, ಅಷ್ಟರಲ್ಲಿ ದೃಶ್ಯ ಅಳಿಸಿಹೋಗಿರಬಹುದು. ಸಹಿ ಇರುವ ಹಾಳೆ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಅದಕ್ಕೇ ಗೌಡರಿಗೆ ಹೇಳಿದ್ದೇನೆ, ಇನ್ನೊಂದು ಅರ್ಜಿ ಹಾಕಿ, ಅದರ ಮೊದಲ ಸಾಲಿನಲ್ಲೇ ಟಿಪ್ಪಣಿ ಹಾಳೆ ಕೇಳಿ ಎಂದು.