ಬೆಡ್ ಎತ್ತಿದರೆ ಡ್ರೈನ್ ಲೆಕ್ಕ ತಪ್ಪುತ್ತದೆ

ಮಾರ್ಚ್ 12, 2024, ಮಂಗಳವಾರ

ಇವತ್ತು ಬೆಳಗಿನ ಪಾಳಿ. ನನಗೆ ಸಿಕ್ಕ ರೋಗಿಗೆ ಇವಿಡಿ ಇತ್ತು, ಅಂದರೆ ಮಿದುಳಿನೊಳಗೆ ಕಟ್ಟಿಕೊಂಡ ಸಿಎಸ್‌ಎಫ್ (ಮಿದುಳು, ಬೆನ್ನುಹುರಿಯ ಸುತ್ತ ಇರುವ ತಿಳಿ ದ್ರವ) ಹೊರಗೆ ಬಿಡುವ ಡ್ರೈನ್. ಇದಕ್ಕೆ ಪಂಪು ಇಲ್ಲ, ಮೋಟಾರು ಇಲ್ಲ. ದ್ರವ ಬಂದು ಬೀಳುವ ಚೇಂಬರ್ ತಲೆಗಿಂತ ಎಷ್ಟು ಮೇಲಿದೆ ಅನ್ನೋದರ ಮೇಲೆಯೇ ಎಲ್ಲಾ ನಿಂತಿದೆ.

ಹೊಸದಾಗಿ ಸೇರಿದ ಹುಡುಗಿ ಜೊತೆಗಿದ್ದಳು. "ಸಿಸ್ಟರ್, ಡಾಕ್ಟರ ಆರ್ಡರ್‌ನಲ್ಲಿ 10 ಇದೆ, ಚೇಂಬರ್ ಕೂಡ 10ಕ್ಕೇ ಇದೆ. ಸರಿ ಅಲ್ವಾ?" ಅಂದಳು. ಕೇಳಿದ್ದು ಒಳ್ಳೆಯದೇ ಆಯ್ತು. ಸ್ಕೇಲಿನ ಸೊನ್ನೆ ರೋಗಿಯ ಕಿವಿ ತೂತಿನ ಮಟ್ಟಕ್ಕೆ ಇದ್ದರೆ ಮಾತ್ರ ಆ 10ಕ್ಕೆ ಬೆಲೆ. ಸ್ವಲ್ಪ ಮುಂಚೆ ಯಾರೋ ಬೆಡ್ ಎತ್ತಿದ್ದರು, ಚೇಂಬರ್ ಕಟ್ಟಿದ ಸ್ಟ್ಯಾಂಡ್ ಇದ್ದಲ್ಲೇ ಇತ್ತು. ಲೆವೆಲ್ ಹಿಡಿದು ನೋಡಿದರೆ ಸೊನ್ನೆ ಕಿವಿಗಿಂತ ನಾಲ್ಕು ಬೆರಳು ಕೆಳಗೆ! ಹೀಗಾದರೆ ದ್ರವ ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತದೆ. ಚೇಂಬರ್‌ನ ಒಂದು ಬದಿಯಲ್ಲಿ ಪಾದರಸದ ಮಿಲಿಮೀಟರ್, ಇನ್ನೊಂದು ಬದಿಯಲ್ಲಿ ನೀರಿನ ಸೆಂಟಿಮೀಟರ್ ಇತ್ತು. ಪಾದರಸದ 10 ಅಂದರೆ ನೀರಿನ 13.6. ಆರ್ಡರ್ ಯಾವುದರಲ್ಲಿದೆ ಅಂತ ಓದಿಸಿದೆ.

ದೊಡ್ಡವರಲ್ಲಿ ಈ ದ್ರವ ಒಟ್ಟು ಸುಮಾರು 150 ಮಿಲಿ ಇರುತ್ತದೆ. ಗಂಟೆಗೆ ಹೆಚ್ಚುಕಡಿಮೆ 20 ಮಿಲಿ ಹೊಸದಾಗಿ ಹುಟ್ಟುತ್ತದೆ. ಒಮ್ಮೆಲೇ ಜಾಸ್ತಿ ಇಳಿದರೆ ಮಿದುಳು ಕುಗ್ಗಿ, ಅದರ ಹೊರಗಿನ ರಕ್ತನಾಳ ಹರಿದು ರಕ್ತ ಸೇರಬಹುದು. ಅದಕ್ಕೇ ನಾನು ಗಂಟೆಗೊಮ್ಮೆ ಅಳೆದು ಬರೆಯುತ್ತೇನೆ. ಜೊತೆಗೆ ಪಾಪೆ, ಪ್ರಜ್ಞೆ, ಕೈಕಾಲಿನ ಶಕ್ತಿಯನ್ನೂ ನೋಡುತ್ತೇನೆ.

ಮಗ್ಗುಲು ಬದಲಿಸುವಾಗ, ಸಕ್ಷನ್ ಮಾಡುವಾಗ (ಕಫ ಎಳೆದು ತೆಗೆಯುವಾಗ) ಮೊದಲು ಕ್ಲ್ಯಾಂಪ್ ಹಾಕಿ ಟ್ಯೂಬು ಮುಚ್ಚಬೇಕು. ಆಮೇಲೆ ಲೆವೆಲ್ ನೋಡಿ ತೆಗೆಯಬೇಕು. ಹಾಕಿದವರೇ ತೆಗೆಯಬೇಕು, ಇದರಲ್ಲಿ ನಾನು ಹಟಮಾರಿ. ಮರೆತರೆ ಒಳಗೆ ಒತ್ತಡ ಏರುತ್ತಾ ಹೋಗುತ್ತದೆ, ಹೊರಗಿನಿಂದ ತಕ್ಷಣ ಏನೂ ಕಾಣಿಸದೇ ಇರಬಹುದು.

ಟ್ಯೂಬಿನಲ್ಲಿ ದ್ರವ ನಾಡಿಬಡಿತಕ್ಕೆ ಸರಿಯಾಗಿ ಸಣ್ಣಗೆ ಮೇಲೆ ಕೆಳಗೆ ಆಡುತ್ತದೆ. ಟಾರ್ಚ್ ಬಿಟ್ಟು ಅವಳಿಗೆ ತೋರಿಸಿದೆ. ಆಟ ನಿಂತರೆ ಟ್ಯೂಬು ಮಡಚಿದೆಯಾ, ಕ್ಲ್ಯಾಂಪ್ ಮುಚ್ಚಿದೆಯಾ ನೋಡಬೇಕು. ಆದರೂ ಬರದಿದ್ದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ನಾವು ಫ್ಲಶ್ ಮಾಡುವಂತಿಲ್ಲ, ಅಂದರೆ ಟ್ಯೂಬಿನೊಳಗೆ ದ್ರವ ತಳ್ಳುವಂತಿಲ್ಲ. ಮಸುಕಾದರೆ ಸೋಂಕು, ಕೆಂಪಾದರೆ ರಕ್ತ ಅಂತ ಅನುಮಾನ. ಸುಮ್ನೆ ಟ್ಯೂಬಿನ ಜೋಡಣೆ ಬಿಚ್ಚಿದರೆ ಸೋಂಕನ್ನು ನಾವೇ ಕರೆದಂತೆ.

ಪಾಳಿ ಒಪ್ಪಿಸುವಾಗ ಮುಂದಿನ ಸಿಸ್ಟರನ್ನು ಬೆಡ್ ಪಕ್ಕಕ್ಕೇ ಕರೆದೆ. ಇಬ್ಬರೂ ಸೇರಿ ಲೆವೆಲ್ ನೋಡಿ, ಚೇಂಬರಿನ ಅಳತೆ ಓದಿ, ಸಹಿ ಹಾಕಿದೆವು.