ಅಡುಗೆಮನೆಯ ತೊಲೆ

ಅಕ್ಟೋಬರ್ ಮಳೆ. ಬೆಳಗಿನ ಜಾವ ಧಡಾರ್ ಅಂತ ಸದ್ದಾಯಿತು. ಎದ್ದು ಲೈಟ್ ಹಾಕಿದರೆ ಅಡುಗೆಮನೆ ಸೂರಿನಿಂದ ಮೊರದಗಲ ಗಾರೆ ಕಳಚಿ ದೋಸೆ ಹಿಟ್ಟಿನ ಪಾತ್ರೆ ಮೇಲೆ ಬಿದ್ದಿತ್ತು. ಸ್ಟೂಲ್ ಹತ್ತಿ ಮರದ ತೊಲೆಯನ್ನು ಬೆರಳಿಂದ ಒತ್ತಿದೆ. ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿನ ಮುಂಚೆ ನನ್ನ ಹೆಂಡತಿ ಅಲ್ಲೇ ನಿಂತು ನೀರು ಕುಡಿದಿದ್ದಳು.

ನಮ್ಮದು ಮೈಸೂರಿನ ಅಗ್ರಹಾರದ ಹಳೇ ವಠಾರ. ಐದು ಮನೆ, ಮದ್ರಾಸ್ ತಾರಸಿ. ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಸೂರು. ನೀರು ಇಳಿಯದ ಹಾಗೆ ನೋಡಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತದೆ. ಇಳಿಯಿತೋ, ತೊಲೆ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. 2012ರಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದು ಇಲ್ಲಿಂದ ನಡೆದುಹೋಗುವ ದೂರದಲ್ಲೇ. ಅವತ್ತು ವಠಾರದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಮನೆ ಒಡತಿ ಅಜ್ಜಿಯನ್ನು ಬೈಯಲು ಮನಸ್ಸು ಬರಲಿಲ್ಲ. ಐದು ಮನೆ ಬಾಡಿಗೆ ಸೇರಿ 17 ಸಾವಿರ. ಅದರಲ್ಲೇ ಅವರ ಊಟ, ಮಾತ್ರೆ, ಕಂದಾಯ. ಪೂರ್ತಿ ಸೂರಿಗೆ ಮೇಸ್ತ್ರಿ ಹೇಳಿದ್ದು 4 ಲಕ್ಷ.

ಸರ್ಕಾರದಿಂದ ಏನಾದರೂ ನೆರವು ಸಿಗುತ್ತದಾ ಕೇಳೋಣವೆಂದು ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸಮಾಧಾನವಾಗಿಯೇ ವಿವರಿಸಿದರು. ಪ್ರಧಾನಮಂತ್ರಿ ಆವಾಸ್ ಯೋಜನೆ ಪಕ್ಕಾ ಮನೆ ಇರುವವರಿಗೆ ಸಿಗುವುದಿಲ್ಲ. ಹಾಗಾಗಿ ಅಜ್ಜಿಗೆ ಇಲ್ಲ. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ಬಡವರಿಗೆ ಕೇಂದ್ರದಿಂದ 1.5 ಲಕ್ಷ ಬರುತ್ತದೆ. ನಮಗೆ ಜಾಗವೇ ಇಲ್ಲ. 2024ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಬಾಡಿಗೆ ಮನೆಗಳೂ ಇವೆ. ಆದರೆ ಅವು ಹೊಸದಾಗಿ ಕಟ್ಟುವ ಮನೆಗಳು, ಇಲ್ಲವೇ ಖಾಲಿ ಬಿದ್ದ ಸರ್ಕಾರಿ ಮನೆಗಳು. ಜನ ವಾಸ ಇರುವ ಹಳೇ ವಠಾರದ ಸೂರಿಗೆ? ಅವರು ಇಲ್ಲವೆಂದು ತಲೆಯಾಡಿಸಿದರು. ಅಜ್ಜಿ ಕಾಗದಗಳನ್ನು ಒಂದೊಂದೇ ಮಡಚಿ ಚೀಲಕ್ಕೆ ಹಾಕಿಕೊಂಡರು.

ಮುಂಬೈನಲ್ಲಿ 1969ರಲ್ಲೇ ಇದಕ್ಕೆ ಕಾನೂನು ಬಂತು. ಹಳೇ ಬಾಡಿಗೆ ಕಟ್ಟಡಗಳಿಂದ ರಿಪೇರಿ ಸೆಸ್ ತೆಗೆದುಕೊಂಡು ಸರ್ಕಾರಿ ಮಂಡಳಿಯೇ ದುರಸ್ತಿ ಮಾಡಿಸುತ್ತದೆ. ಅಲ್ಲೂ ಕಟ್ಟಡಗಳು ಬೀಳುತ್ತವೆ, ನಿಜ. ಆದರೆ ಕೇಳಲು ಒಂದು ಬಾಗಿಲಾದರೂ ಇದೆ ಅಲ್ವಾ? ನಮ್ಮ ಸರ್ಕಾರವೂ ಇಂಥ ಮನೆಗಳ ರಿಪೇರಿಗೆ ದುಡ್ಡು ಕೊಡಲಿ. ಇಂತಿಷ್ಟು ವರ್ಷ ಬಾಡಿಗೆ ಏರಿಸಬಾರದು ಎಂದು ಮಾಲೀಕರಿಂದ ಬರೆಸಿಕೊಂಡೇ ಕೊಡಲಿ. ಇಲ್ಲದಿದ್ದರೆ ಸೂರು ಗಟ್ಟಿಯಾದ ದಿನವೇ ನಾವು ಗಂಟುಮೂಟೆ ಕಟ್ಟಬೇಕಾಗುತ್ತದೆ. ಅಜ್ಜಿ ಹಾಗೆ ಮಾಡುವವರಲ್ಲ. ಅವರ ನಂತರದವರ ಮಾತು ಯಾರಿಗೆ ಗೊತ್ತು?

ಕೊನೆಗೆ ಐದೂ ಮನೆಯವರು ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟೆವು. ಆ ದುಡ್ಡಿಗೆ ಒಂದು ತೊಲೆ ಬದಲಾಯಿತು. ಪಕ್ಕದ ತೊಲೆಗೆ ಮೇಸ್ತ್ರಿ ಕಬ್ಬಿಣದ ಜಾಕಿ ಕೊಟ್ಟು ಹೋಗಿದ್ದಾರೆ. ಅದು ಒಲೆಯಿಂದ ಎರಡು ಅಡಿ ದೂರದಲ್ಲಿದೆ. ನನ್ನ ಹೆಂಡತಿ ಅದನ್ನು ಸುತ್ತಿಬಳಸಿ ಓಡಾಡುತ್ತಾಳೆ. ಮಳೆ ಬಂದ ರಾತ್ರಿ ನಾನು ಎದ್ದು ಟಾರ್ಚ್ ಹಿಡಿದು ಮೇಲೆ ನೋಡುತ್ತೇನೆ.