ಹೊಳೆಗೆ ಯಾವ ಬಣ್ಣ ಹಾಕಲಿ

ನಾನು ಬರೆಯುತ್ತಿರುವ ಚಿತ್ರಪುಸ್ತಕದ ಒಂಬತ್ತನೇ ಪುಟವನ್ನು ನಿನ್ನೆ ಮೂರನೇ ಸಲ ವಾಪಸ್ ಕಳಿಸಿದೆ. ಚಿತ್ರ ಬರೆಯುವ ಹುಡುಗಿ ಮೈಸೂರಿನಲ್ಲಿದ್ದಾಳೆ, ನಾನು ದೋಹಾದಲ್ಲಿ. ‘ಅಕ್ಕಾ, ಈಗೇನಾಯ್ತು?’ ಅಂದಳು. ಅವಳದ್ದೇನೂ ತಪ್ಪಿಲ್ಲ. ನೈಲ್ ನದಿ ನೀಲಿಯಾಗಿತ್ತು, ಅಷ್ಟೇ.

ಕಥೆ ಕೊಟ್ಟವರು ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜಿ. ಈಜಿಪ್ಟಿನ ದಕ್ಷಿಣದ ನ್ಯೂಬಿಯಾದವರು. ಅವರ ನೊಬೀನ್ ಭಾಷೆಯಲ್ಲಿ ನೀರಿಗೆ ‘ಅಮನ್’ ಅನ್ನುತ್ತಾರೆ, ಹೊಳೆಯ ತಳದಲ್ಲಿ ಬದುಕುವವರಿಗೆ ‘ಅಮನ್ ನುತ್ತೊ’. ನಾನು ಮೊದಲು ‘ಜಲದೇವತೆ’ ಅಂತ ಬರೆದೆ. ಓದಿ ಹೇಳಿದರೆ ಅಜ್ಜಿ ಅಲ್ಲ ಅಂತ ತಲೆಯಾಡಿಸಿಬಿಟ್ಟರು. ದೇವರಿಗೆ ಕೈಮುಗಿಯುತ್ತೇವೆ, ಇವರು ಕೆಳಗಿನ ಮನೆಯವರು. ಮೇಲೆ ಮಗು ಹುಟ್ಟಿದರೆ ಅವರಿಗೂ ಊಟದ ಪಾಲು ಹೋಗಬೇಕು. ಹೆಂಗಸರು ದಂಡೆಗೆ ಹೋಗಿ ತುತ್ತು ತುತ್ತಾಗಿ ನೀರಿಗೆ ಬಿಡುತ್ತಿದ್ದರು. ಈಗ ಪುಸ್ತಕದಲ್ಲಿ ‘ಹೊಳೆ ಮಂದಿ’ ಅಂತಿದೆ. ಮೀನಿನ ಬಾಲ ಬೇಡ ಅಂತ ಹುಡುಗಿಗೂ ಹೇಳಿದ್ದೇನೆ.

ಮೀನಿನ ಬಾಲ ಹೋಯಿತು, ನೀಲಿ ಮಾತ್ರ ಉಳಿದಿತ್ತು. ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಅಜ್ಜಿ ಪರದೆಯ ಮೇಲೆ ಬೆರಳಿಟ್ಟು, ‘ಇದು ಮಳೆಗಾಲ ಮುಗಿದ ಮೇಲಿನ ನೀರು. ನನ್ನ ತಮ್ಮ ಹುಟ್ಟಿದ್ದು ನೆರೆ ಬಂದಾಗ’ ಅಂದರು. ಆಗ ಹೊಳೆ ಕೆಂಪಗೆ, ಕೈಯಲ್ಲಿ ಮೊಗೆದರೆ ಬೆರಳ ಸಂದಿಯಲ್ಲಿ ಮಣ್ಣು ಉಳಿಯುತ್ತಿತ್ತಂತೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಸುರಿದ ಮಳೆ ಆಗಸ್ಟ್ ಹೊತ್ತಿಗೆ ಆ ಮಣ್ಣನ್ನು ಹೊತ್ತು ತರುತ್ತಿತ್ತು. ಆಸ್ವಾನಿನ ದೊಡ್ಡ ಅಣೆಕಟ್ಟಿನ ಹಿಂದೆ 1964ರಿಂದ ನೀರು ನಿಲ್ಲತೊಡಗಿತು. ಮಣ್ಣೂ ಅಲ್ಲೇ ಕೂತಿತು. ಅಂದರೆ ಹುಡುಗಿ ಬರೆದದ್ದು ಅಣೆಕಟ್ಟು ಬಂದ ಮೇಲಿನ ನೈಲ್. ಕಥೆ ನಡೆಯುವುದು ಅದಕ್ಕೂ ಮೊದಲಿನದರಲ್ಲಿ.

ನನಗೆ ಇದು ತಟ್ಟನೆ ಹೊಳೆಯಬೇಕಿತ್ತು. ನನ್ನ ಅಮ್ಮನ ತವರು ಶರಾವತಿಯಲ್ಲಿ ಮುಳುಗಿದ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ 1964ರಲ್ಲಿ. ಮೊದಲ ಮಳೆಗೆ ಹೊಳೆಯಲ್ಲಿ ಕೆನ್ನೀರು ಇಳಿದು ಬರುವುದನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೆ! ಹುಡುಗಿಗೆ ಉದ್ದದ ವಿವರಣೆ ಕೊಡಲಿಲ್ಲ, ‘ಆಗುಂಬೆ ಕಡೆ ಜೂನ್ ತಿಂಗಳ ಹೊಳೆ’ ಅಂತ ಒಂದು ಸಾಲು ಕಳಿಸಿದೆ. ಅವಳಿಗೆ ತಕ್ಷಣ ಅರ್ಥವಾಯಿತು.

ಕೊನೆಯ ಪುಟದ ಬಗ್ಗೆ ಇನ್ನೂ ಮಾತು ನಡೆದಿದೆ. ಆಸ್ವಾನಿನ ಆ ಅಣೆಕಟ್ಟಿಗಾಗಿ 1963-64ರಲ್ಲಿ ಈಜಿಪ್ಟಿನ ನ್ಯೂಬಿಯಾದಿಂದ ಸುಮಾರು 50,000 ಜನರನ್ನು ಎಬ್ಬಿಸಿ ಕೊಮ್ ಒಂಬೊ ಪಟ್ಟಣದ ಬಳಿ, ನದಿಯಿಂದ ದೂರದಲ್ಲಿ, ಸಾಲುಮನೆಗಳಲ್ಲಿ ಇಳಿಸಿದರು. ಹೊಸ ಊರುಗಳಿಗೂ ಹಳೆಯ ಹೆಸರುಗಳನ್ನೇ ಇಟ್ಟುಕೊಂಡರು. ಹೊರಡುವ ಮುನ್ನ ಜನ ಗೋರಿಗಳಿಗೆ ಹೋಗಿ ನೀರು ಚಿಮುಕಿಸಿ ಬಂದರು. ಅಜ್ಜಿಗೆ ಆಗ ಏಳು ವರ್ಷ. ಹೊಳೆ ಮಂದಿಗೆ ಯಾರು ಹೇಳಿದರು, ಅವರೂ ಬಂದರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮರುವರ್ಷ ಅಲ್ಲಿ ಇನ್ನೊಬ್ಬ ತಮ್ಮ ಹುಟ್ಟಿದನಂತೆ. ಇವರ ತಾಯಿ ಗಂಜಿಯ ಬಟ್ಟಲು ಹಿಡಿದು ಮನೆ ಹಿಂದಿನ ಕಬ್ಬಿನ ಗದ್ದೆಯ ಕಾಲುವೆಗೆ ನಡೆದರು. ನೀರು ಮೊಣಕಾಲು ಮಟ್ಟ, ಕೆಳಗಿನ ಕಲ್ಲು ಕಾಣುತ್ತಿತ್ತು. ಆದರೂ ಏಳು ತುತ್ತು ಬಿಟ್ಟರು. ತಾಯಿ ಕಾಲುವೆಯ ಅಂಚಿನಲ್ಲಿ ಬಗ್ಗಿ ನಿಂತ ಬಗೆಯನ್ನು ಅಜ್ಜಿ ನನಗೆ ಅಡುಗೆಮನೆಯಲ್ಲಿ ನಿಂತು, ಸೆರಗನ್ನು ಒಂದು ಕೈಯಲ್ಲಿ ಒತ್ತಿ ಹಿಡಿದವರಂತೆ, ಮಾಡಿ ತೋರಿಸಿದರು. ಅದನ್ನು ವಿಡಿಯೊ ಮಾಡಿ ಹುಡುಗಿಗೆ ಕಳಿಸಿದ್ದೇನೆ.